ಆನ್‌ಲೈನ್ ಮೀಟಿಂಗ್‌ನಲ್ಲೇ ಕೆಲಸ ಮುಗಿಸಿ
ಸಣ್ಣ ವ್ಯಾಪಾರಕ್ಕೆ ದುಡ್ಡು ಕಟ್ಟಿ ಮೀಟಿಂಗ್ ಆ್ಯಪ್ ತಗೊಳ್ಳುವ ಅಗತ್ಯ ಅಷ್ಟಾಗಿ ಇಲ್ಲ. ಝೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷ ಸಿಗುತ್ತದೆ. ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷ. ಅಷ್ಟರಲ್ಲೂ ಮುಗಿಯದಿದ್ದರೆ ಅದು ಸುಮ್ನೆ ಹರಟೆ, ಅಲ್ವಾ?

ಗ್ರಾಹಕರಿಗೆ ಕೊಟೇಶನ್ ಬಾಯಲ್ಲಿ ವಿವರಿಸಬೇಡಿ, ಸ್ಕ್ರೀನ್ ಶೇರ್ ಮಾಡಿ. ಅವರ ಕಣ್ಣೆದುರೇ ಎಕ್ಸೆಲ್‌ನಲ್ಲಿ ರೇಟು ತಿದ್ದಿದರೆ ಆಮೇಲೆ ಮೇಲ್ ಮೇಲೆ ಮೇಲ್ ಕಳಿಸುವುದು ತಪ್ಪುತ್ತದೆ. ಆದರೆ ಪೂರ್ತಿ ಸ್ಕ್ರೀನ್ ಬೇಡ, ಆ ಒಂದು ವಿಂಡೋ ಮಾತ್ರ ಆರಿಸಿ. ಇಲ್ಲದಿದ್ದರೆ ಬೇರೆಯವರಿಗೆ ಕೊಟ್ಟ ರೇಟಿನ ವಾಟ್ಸಾಪ್ ಮೆಸೇಜು ಇವರಿಗೂ ಕಂಡೀತು!

ನೆಟ್ ಕೈಕೊಟ್ಟರೆ ವಿಡಿಯೋ ಆಫ್ ಮಾಡಿ, ಮಾತು ಸರಿಯಾಗಿ ಕೇಳುತ್ತದೆ. ಒಪ್ಪಿದ ರೇಟು, ಡೆಲಿವರಿ ತಾರೀಖನ್ನು ಕಾಲ್ ಕಟ್ ಮಾಡುವ ಮೊದಲೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, 'ಸರಿ' ಅನ್ನಿಸಿಕೊಳ್ಳಿ.