ಒಪ್ಕೊಂಡಿದ್ದ ಕೆಲ್ಸ ಕಮ್ಮಿ ಮಾಡಿದ್ಮೇಲೆ ಎಲ್ಲಾ ಸರಿಹೋಯ್ತು: ನನ್ನ ಅನುಭವ

ಆಫೀಸ್ ಕೆಲ್ಸ, ಸಂಘದ ಲೆಕ್ಕಪತ್ರ, ಮಕ್ಕಳಿಗೆ ವೀಕೆಂಡ್ ಡ್ರಾಯಿಂಗ್ ಕ್ಲಾಸು, ಫ್ರೆಂಡ್ ವೆಬ್‌ಸೈಟು, ಜೊತೆಗೆ ನನ್ನದೇ ಚಿತ್ರಗಳು, ಎಲ್ಲಾ ಅರ್ಧಂಬರ್ಧ ನಿಂತಿತ್ತು. ಬೇಗ ಎದ್ದೆ, ಆಪ್ ಹಾಕೊಂಡೆ, ಏನೂ ಉಪಯೋಗ ಆಗ್ಲಿಲ್ಲ.

ಕೊನೆಗೆ ಒಂದು ಹಾಳೇಲಿ ಒಪ್ಕೊಂಡಿರೋದನ್ನೆಲ್ಲ ಬರ್ದು ಪಕ್ಕದಲ್ಲಿ ವಾರಕ್ಕೆ ನಿಜವಾಗ್ಲೂ ಎಷ್ಟು ಗಂಟೆ ಹೋಗುತ್ತೆ ಅಂತ ಹಾಕ್ದೆ, ಮೀಟಿಂಗ್ ಜೊತೆಗೆ ಹೋಗಿಬರೋದು, ವಾಟ್ಸಾಪ್ ಗ್ರೂಪಲ್ಲಿ ಉತ್ರ ಕೊಡೋದು, ಮಲಗೋವಾಗ ಅದ್ರ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಎಲ್ಲಾ ಸೇರ್ಸಿ. ಆಮೇಲೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ, ಇದನ್ನ ಬೇರೆಯವರು ಇಷ್ಟೇ ಚೆನ್ನಾಗಿ ಮಾಡ್ಬೋದಾ? ಲೆಕ್ಕಪತ್ರ ಹೌದು, ವೆಬ್‌ಸೈಟ್ ಹೌದು, ಡ್ರಾಯಿಂಗ್ ಕ್ಲಾಸ್ ಖಂಡಿತ ಇಲ್ಲ.

ಬಿಡೋದೇ ಕಷ್ಟ, ಮುಖದಾಕ್ಷಿಣ್ಯ ಅಡ್ಡ ಬರುತ್ತೆ. "ಈ ತಿಂಗಳ ಕೊನೆವರೆಗೂ ನಾನೇ ನೋಡ್ಕೋತೀನಿ, ಅಷ್ಟರಲ್ಲಿ ಹೊಸಬ್ರಿಗೆ ಎಲ್ಲಾ ಹೇಳ್ಕೊಡ್ತೀನಿ" ಅಂತ ಸಂಘದವ್ರಿಗೆ ಮೆಸೇಜ್ ಹಾಕ್ದೆ, ರಸೀದಿ ಫೈಲು, ಪಾಸ್‌ಬುಕ್ಕು, ಬಾಕಿ ಕೊಡಬೇಕಾದವ್ರ ಪಟ್ಟಿ ಎಲ್ಲಾ ಕೈಗಿಟ್ಟೆ. ಕಾರಣ ಉದ್ದುದ್ದ ಹೇಳೋಕೆ ಹೋಗ್ಬೇಡಿ, ಹೇಳಿದ್ರೆ ಅವ್ರು ಪ್ರೀತಿಯಿಂದಾನೇ ಅದಕ್ಕೊಂದು ದಾರಿ ಹುಡುಕ್ತಾರೆ, ಕೆಲ್ಸ ನಿಮ್ಮ ಹತ್ರಾನೇ ಉಳಿಯುತ್ತೆ.

ಒಂದು ಕೆಲ್ಸದಿಂದ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೇದ್ರಲ್ಲೇ ಉಳಿಯುತ್ತೆ ಅಂತ ಸೋಫಿ ಲೆರಾಯ್ ಅನ್ನೋ ಸಂಶೋಧಕಿ 2009ರಲ್ಲೇ ಸಂಶೋಧನೆ ಪ್ರಕಟಿಸಿದ್ರು, ನನಗೆ ಅದು ಕಣ್ಣಾರೆ ಕಾಣ್ತು, ಈಗ ಬ್ರಷ್ ಹಿಡಿದ್ರೆ ತಲೇಲಿ ರಸೀದಿ ಓಡಲ್ಲ.

ಯಾರಾದ್ರೂ ಹೊಸದು ಕೇಳಿದ್ರೆ ತಕ್ಷಣ ಹೂಂ ಅನ್ನಲ್ಲ, ನಾಳೆ ಹೇಳ್ತೀನಿ ಅಂತೀನಿ. ಒಂದು ಒಪ್ಕೊಂಡ್ರೆ ಇರೋದ್ರಲ್ಲಿ ಒಂದು ಬಿಡ್ತೀನಿ.