ಉದ್ರಿ ಪುಸ್ತಕದಲ್ಲಿದ್ದ ನಮ್ಮ ಕ್ಲಬ್ಬಿನ ಚರಿತ್ರೆ

ನಮ್ಮ ಸೇವಾ ಕ್ಲಬ್ಬಿಗೆ ಐವತ್ತು ವರ್ಷ ತುಂಬಿದಾಗ ಸ್ಮರಣ ಸಂಚಿಕೆ ತರಬೇಕು ಅಂತ ಬೋರ್ಡ್ ಮೀಟಿಂಗಿನಲ್ಲಿ ತೀರ್ಮಾನವಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ಚಾಮರಾಜಪೇಟೆಯಲ್ಲಿ ನನ್ನದೊಂದು ಪುಟ್ಟ ಆಫ್‌ಸೆಟ್ ಪ್ರೆಸ್ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಕ್ಲಬ್ಬಿನ ಬುಲೆಟಿನ್ನು ಎಲ್ಲ ಅಲ್ಲೇ. "ಪ್ರೆಸ್ಸೇ ನಿಮ್ದು, ಬರೆಯೋದೂ ನೀವೇ ಬರೆದುಬಿಡಿ ಸಾರ್" ಅಂದರು. ಅಚ್ಚು ಹಾಕುವವನಿಗೆ ಬರೆಯೋಕೂ ಬರುತ್ತೆ ಅಂತ ಅವರ ಲೆಕ್ಕ.

ಕ್ಲಬ್ಬಿನ ಹೆಸರು ಹೇಳಲ್ಲ. ಮುಂದೆ ನಮ್ಮ ಹುಳುಕೂ ಸ್ವಲ್ಪ ಬರುತ್ತೆ, ಸುಮ್ನೆ ಯಾಕೆ ಬೈಸಿಕೊಳ್ಳೋದು.

ಮಾಜಿ ಕಾರ್ಯದರ್ಶಿಗಳ ಮನೆ ಮನೆಗೆ ಹೋಗಿ ಅಟ್ಟದಿಂದ ನಡಾವಳಿ ಪುಸ್ತಕಗಳನ್ನು ಇಳಿಸಿದೆ. ಎರಡನ್ನು ಗೆದ್ದಲು ತಿಂದಿತ್ತು. ಉಳಿದವನ್ನು ರಾತ್ರಿ ಊಟ ಆದಮೇಲೆ ಒಂದೊಂದಾಗಿ ಓದಿದೆ. ಎಲ್ಲದರಲ್ಲೂ ಒಂದೇ ಧಾಟಿ. ಅಧ್ಯಕ್ಷರು ಗಂಟೆ ಬಾರಿಸಿದರು, ಮುಖ್ಯ ಅತಿಥಿಗಳಿಗೆ ಹಾರ, ಫಲತಾಂಬೂಲ. ಅತಿಥಿಗಳ ಮಾತಿಗೆ ಒಂದು ಪುಟ. ಮಾಡಿದ ಕೆಲಸಕ್ಕೆ ಎರಡು ಸಾಲು. ಇನ್ನು ವರ್ಷಾನುಗಟ್ಟಲೆ ನಡೆದ ಕೆಲಸಕ್ಕೆ ಆ ಎರಡು ಸಾಲೂ ಇಲ್ಲ. "ಪೋಲಿಯೋ ಬೂತ್: ಎಂದಿನಂತೆ ನಡೆಯಿತು." ಅಷ್ಟೇ.

ಆ 'ಎಂದಿನಂತೆ' ಅನ್ನೋ ಪದ ನನ್ನನ್ನು ಹಿಡಿದು ನಿಲ್ಲಿಸಿತು. ಪೋಲಿಯೋ ವಿರುದ್ಧ ರೋಟರಿ ಸಂಸ್ಥೆ ಜಗತ್ತಿನಾದ್ಯಂತ ಕೆಲಸ ಶುರು ಮಾಡಿದ್ದು 1985ರಲ್ಲಿ. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಬಂದದ್ದು 1995ರಲ್ಲಿ. ಆ ಭಾನುವಾರಗಳಲ್ಲಿ ನಾನೂ ಬಸ್ ಸ್ಟಾಪಿನ ಪಕ್ಕ ಮೇಜು ಹಾಕಿಕೊಂಡು ಕೂತಿದ್ದೇನೆ. ನರ್ಸಮ್ಮ ಎರಡು ಹನಿ ಹಾಕೋದು, ನಾನು ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚೋದು. ಮಕ್ಕಳು ಅಳುತ್ತಿದ್ದದ್ದು ಹನಿಗಲ್ಲ, ಶಾಯಿಗೆ! ದೇಶದ ಕೊನೆಯ ಪೋಲಿಯೋ ಪ್ರಕರಣ ಸಿಕ್ಕಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ಭಾರತ ಪೋಲಿಯೋ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ನಮ್ಮ ಪುಸ್ತಕದಲ್ಲಿ ಆ ತಿಂಗಳು ದೊಡ್ಡದಾಗಿ ಬರೆದಿರೋದು ಫ್ಯಾಮಿಲಿ ಟ್ರಿಪ್ ಬಗ್ಗೆ.

ಸಂಚಿಕೆಗೆ ಮುನ್ನುಡಿ ಬೇಕಲ್ಲ, ಸ್ವಲ್ಪ ಹಿಂದಕ್ಕೂ ಓದಿದೆ. 1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನೋ ವಕೀಲರು ಮೂವರು ಸ್ನೇಹಿತರ ಜೊತೆ ರೋಟರಿ ಶುರು ಮಾಡಿದರು. ಸಭೆ ಸರದಿ ಪ್ರಕಾರ ಒಬ್ಬೊಬ್ಬರ ಆಫೀಸಿನಲ್ಲಿ ನಡೀತಿತ್ತು, ಅದಕ್ಕೇ ಆ ಹೆಸರು. ಬೆಂಗಳೂರಿಗೆ ರೋಟರಿ ಬಂದದ್ದು 1934ರಲ್ಲಿ. ಇಂಥದ್ದೇ ಇನ್ನೊಂದು ಸೇವಾ ಸಂಸ್ಥೆ ಲಯನ್ಸ್ ಹುಟ್ಟಿದ್ದೂ ಶಿಕಾಗೋದಲ್ಲೇ, 1917ರಲ್ಲಿ. ಕಟ್ಟಿದ ಮೆಲ್ವಿನ್ ಜೋನ್ಸ್ ಇನ್ಶೂರೆನ್ಸ್ ಕೆಲಸದವರು. 1925ರಲ್ಲಿ, ಕಣ್ಣು ಕಿವಿ ಎರಡೂ ಇಲ್ಲದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶಕ್ಕೆ ಬಂದು, ಕಣ್ಣಿಲ್ಲದವರಿಗೆ ನೆರವಾಗಿ ಅಂತ ಕೇಳಿಕೊಂಡರು. ಲಯನ್ಸ್‌ನವರು ಕಣ್ಣಿನ ಕೆಲಸ ಹಿಡಿದದ್ದು ಹಾಗೆ. ನನಗೆ ತುಂಬಾ ಇಷ್ಟವಾದ ವಿಷಯ ಬೇರೆ. ಶಿಕಾಗೋ ರೋಟರಿಯವರು ಊರಿಗಾಗಿ ಮೊದಲು ಮಾಡಿಸಿದ್ದು ಏನು ಗೊತ್ತಾ? ಸಾರ್ವಜನಿಕ ಶೌಚಾಲಯ. ಕೆ.ಆರ್. ಮಾರ್ಕೆಟ್ಟಿನಲ್ಲಿ ಅರ್ಧ ದಿನ ಕಳೆದವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಂಥ ಕ್ಲಬ್ಬುಗಳಲ್ಲಿ ಜುಲೈ 1ಕ್ಕೆ ಹೊಸ ವರ್ಷ. ಹೊಸ ಅಧ್ಯಕ್ಷರು, ಪದಗ್ರಹಣ, ಕೊರಳಿಗೆ ಅಧ್ಯಕ್ಷ ಪದವಿಯ ಕಾಲರ್ ಹಾಕಿಸಿಕೊಳ್ಳೋದು. ಒಂದೇ ವರ್ಷದ ಅವಧಿ. ಬಂದವರಿಗೆಲ್ಲ ತಮ್ಮ ಹೆಸರಲ್ಲಿ ಒಂದು ಪ್ರಾಜೆಕ್ಟ್ ಆಗಬೇಕು ಅನ್ನೋ ಆಸೆ. ಹಿಂದಿನವರು ಮಾಡಿದ್ದನ್ನು ನೋಡಿಕೊಳ್ಳೋಕೆ ಯಾರಿಗೂ ಪುರುಸೊತ್ತಿಲ್ಲ. ಬೇರೆಯವರದ್ದು ಯಾಕೆ, ನನ್ನದೇ ಹೇಳ್ತೀನಿ. ನಾನು ಅಧ್ಯಕ್ಷನಾಗಿದ್ದ ವರ್ಷ ಒಂದು ಶಾಲೆಗೆ ಕುಡಿಯುವ ನೀರಿನ ಫಿಲ್ಟರ್ ಹಾಕಿಸಿದೆ. ಮೇಲೆ ಕರಿ ಗ್ರಾನೈಟು, ಅದರಲ್ಲಿ ಚಿನ್ನದ ಬಣ್ಣದ ಅಕ್ಷರ, ನನ್ನ ಹೆಸರು. ಸಂಚಿಕೆಗೆ ಫೋಟೋ ತೆಗೆಯೋಣ ಅಂತ ಕ್ಯಾಮೆರಾದವನ ಜೊತೆ ಹೋದೆ. ಗ್ರಾನೈಟ್ ಪಳಪಳ ಅಂತಿತ್ತು. ನಲ್ಲಿ ಒಣಗಿತ್ತು. ಫಿಲ್ಟರಿನ ಹಿಂದೆ ಪೊರಕೆ ಸಿಕ್ಕಿಸಿಟ್ಟಿದ್ದರು. "ಕ್ಯಾಂಡಲ್ ಬದಲಾಯಿಸೋಕೆ ಯಾರೂ ಬರಲಿಲ್ಲ ಸಾರ್" ಅಂದಳು ಆಯಾ. ನನ್ನ ಅವಧಿ ಮುಗಿದಮೇಲೆ ನಾನೂ ಹೋಗಿರಲಿಲ್ಲ. ಫೋಟೋ ತೆಗೆಯದೇ ವಾಪಸ್ ಬಂದೆವು.

ಅಷ್ಟು ವರ್ಷ ನಿಲ್ಲದೆ ನಡೆದ ದೊಡ್ಡ ಕೆಲಸ ಅಂದರೆ ಕಣ್ಣಿನ ಶಿಬಿರ ಒಂದೇ. ಅದು ಯಾವ ಅಧ್ಯಕ್ಷರ ಹೆಸರಲ್ಲೂ ಇರಲಿಲ್ಲ. ಅದು ನಡೆದದ್ದು ದಿನಸಿ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯ ಸದಸ್ಯರಿಂದ. ನಾವೆಲ್ಲ ಅವರನ್ನು ಯಜಮಾನ್ರು ಅಂತಲೇ ಕರೆಯೋದು. ಅಧ್ಯಕ್ಷರಾಗಿ ಅಂತ ಎಷ್ಟು ಸಲ ಕೇಳಿದರೂ ಒಪ್ಪಲಿಲ್ಲ. ಅವರ ಹತ್ತಿರ ಏನಾದರೂ ದಾಖಲೆ ಇದೆಯಾ ಅಂತ ಕೇಳಿದೆ. ಗಲ್ಲಾಪೆಟ್ಟಿಗೆ ಕೆಳಗಿಂದ ಉದ್ದನೆಯ ಕೆಂಪು ರಟ್ಟಿನ ಪುಸ್ತಕ ತೆಗೆದರು. ಉದ್ರಿ ಬರೆಯೋ ಪುಸ್ತಕ! ಅಕ್ಕಿ ಬೇಳೆ ಲೆಕ್ಕದ ಜಾಗದಲ್ಲಿ ಜನರ ಹೆಸರು. ಎಡಗಣ್ಣಿಗೆ 'ಎ', ಬಲಗಣ್ಣಿಗೆ 'ಬ'. ಮನೆ ಗುರುತು: 'ಮಾರಮ್ಮನ ಗುಡಿ ಎದುರು, ಇಸ್ತ್ರಿ ಅಂಗಡಿ ಮೇಲೆ.' ಆಮೇಲೆ ಮೂರು ಕಾಲಂ. ಆಪರೇಷನ್, ಒಂದು ವಾರ, ಒಂದು ತಿಂಗಳು. ಬಂದವರಿಗೆ ರೈಟ್ ಗುರುತು. ಬರದಿದ್ದವರ ಮುಂದೆ ಕೆಂಪು ಶಾಯಿಯಲ್ಲಿ 'ಬಾಕಿ'.

"ಉದ್ರಿ ವಸೂಲಿಗೆ ಹೋಗಲ್ವಾ? ಇದೂ ಹಂಗೇನೆ" ಅಂದರು.

ನಡಾವಳಿ ಪ್ರಕಾರ ಮೊದಮೊದಲು ಶಾಲೆ ಕೊಠಡಿಯಲ್ಲೇ ಪೊರೆ ತೆಗೆಯುತ್ತಿದ್ದರು. ಆಗಿನ ಕಾಲವೇ ಹಾಗಿತ್ತು. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರದಲ್ಲೇ ಸಾವಿರಾರು ಜನರಿಗೆ ಆಪರೇಷನ್ ಮಾಡಿದವರು. ಆಮೇಲೆ ದಪ್ಪ ಗಾಜಿನ ಕನ್ನಡಕ. ಈಗ ಕಣ್ಣೊಳಗೇ ಲೆನ್ಸ್ ಇಡ್ತಾರೆ. ಶಿಬಿರದಲ್ಲಿ ಪರೀಕ್ಷೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲಿ. ನೋಟ, ಬಿಪಿ, ಶುಗರ್ ನೋಡಿ, ಸರಿಯಿದ್ದವರನ್ನು ಅವತ್ತೇ ವ್ಯಾನಿನಲ್ಲಿ ಕರೆದೊಯ್ತಾರೆ. ಶುಗರ್ ಜಾಸ್ತಿ ಇದ್ದವರನ್ನು ವಾಪಸ್ ಕಳಿಸಬೇಕಾಗುತ್ತೆ, ಅವರಿಗೆ ತುಂಬಾ ಬೇಜಾರಾಗುತ್ತೆ. ಅದಕ್ಕೇ ಕರಪತ್ರದಲ್ಲಿ 'ತೆಗೆದುಕೊಳ್ಳುತ್ತಿರುವ ಮಾತ್ರೆ ತನ್ನಿ' ಅನ್ನೋದನ್ನು ನಾನು ದಪ್ಪ ಅಕ್ಷರದಲ್ಲಿ ಹಾಕ್ತೀನಿ, ಅತಿಥಿಗಳ ಹೆಸರನ್ನು ಸಣ್ಣದಾಗಿ. ಇದಕ್ಕೂ ಒಂದು ಸಲ ಜಗಳ ಆಗಿದೆ.

ಒಂದು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ದಿನ ಮುಂಚೆ ಶಿಬಿರ ಇಟ್ಟೆವು. ಗಾಂಧಿ ಬಜಾರಿನಲ್ಲಿ ಹೂ ಮಾರೋ ಅಜ್ಜಿಗೆ ಬಲಗಣ್ಣು ಆಪರೇಷನ್ ಆಯಿತು. ವಾರದ ತಪಾಸಣೆಗೆ ಬರಲಿಲ್ಲ. ಯಜಮಾನ್ರು ನನ್ನನ್ನೂ ಎಳಕೊಂಡು ಗವಿಪುರದ ಅವರ ಮನೆಗೆ ಹೊರಟರು. ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡೇ ಬಾಗಿಲಲ್ಲಿ ಕೂತು ಸೇವಂತಿಗೆ ಕಟ್ಟುತ್ತಿದ್ದರು. ಕನ್ನಡಕ ತೆಗೆದರೆ ಕಣ್ಣು ಕೆಂಡದ ಹಾಗಿತ್ತು.

"ಯಾಕಮ್ಮ ಬರ್ಲಿಲ್ಲ?"

"ಹಬ್ಬದ ಯಾಪಾರ ಸ್ವಾಮಿ. ನೀವ್ ನೋಡ್ಕೊಂತೀರಾ?"

"ಡ್ರಾಪ್ಸ್ ಹಾಕ್ತಿದೀರ ತಾನೇ?"

"ಖಾಲಿಯಾಯ್ತು. ಪಕ್ಕದ್ಮನೆ ಹುಡ್ಗೀಗೆ ಕಣ್ಣು ಬಂದಿತ್ತು, ಅವ್ಳಿಗೂ ಹಾಕ್ದೆ."

ಯಜಮಾನ್ರು ಬೈಯಲಿಲ್ಲ. ಬುಟ್ಟೀಲಿದ್ದ ಹೂವು ಎಷ್ಟು ಮಾರು ಅಂತ ಕೇಳಿ, ಅಷ್ಟನ್ನೂ ತಾವೇ ಕೊಂಡು, ಅಜ್ಜೀನ ಆಟೋ ಹತ್ತಿಸಿದರು. ಕಣ್ಣು ಉಳಿಯಿತು. ಆ ವರ್ಷ ಕ್ಲಬ್ಬಿನ ಹೆಂಗಸರಿಗೆಲ್ಲ ಹಬ್ಬದ ಹೂವು ಪುಕ್ಕಟೆ. ಅಂದಿನಿಂದ ಹಬ್ಬದ ಹಿಂದೆಮುಂದೆ, ಕಡಲೆಕಾಯಿ ಪರಿಷೆ ಹೊತ್ತಿಗೆ ನಾವು ಶಿಬಿರ ಇಡಲ್ಲ.

ಉದ್ರಿ ಪುಸ್ತಕದ ಒಂದು ಪುಟವನ್ನು, ಹೆಸರು ಅಳಿಸಿ, ಹಾಗೇ ಸಂಚಿಕೆಯಲ್ಲಿ ಅಚ್ಚು ಹಾಕಿದೆ. ಅದಕ್ಕಾಗಿ ಮಾಜಿ ಅಧ್ಯಕ್ಷರ ಫೋಟೋಗಳನ್ನು ಸ್ಟ್ಯಾಂಪ್ ಸೈಜಿಗೆ ಇಳಿಸಬೇಕಾಯಿತು. ಇಬ್ಬರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ. ಶಾಲೆಯ ಫಿಲ್ಟರಿಗೆ ಹೊಸ ಕ್ಯಾಂಡಲ್ ಹಾಕಿಸಿದೆ. ಗ್ರಾನೈಟ್ ಕೀಳಿಸೋಣ ಅಂದುಕೊಂಡೆ, ಗೋಡೆ ಒಡೆಯುತ್ತೆ ಅಂದರು.

ಯಜಮಾನ್ರಿಗೆ ಈಗ ಮಂಡಿ ನೋವು. ಪುಸ್ತಕ ನನ್ನ ಪ್ರೆಸ್ಸಿನ ಮೇಜಿಗೆ ಬಂದಿದೆ. ಈ ಸಲದ ಶಿಬಿರ ಮುಗಿದು ಹತ್ತು ದಿನ ಆಯಿತು, ಇಬ್ಬರು ಬಾಕಿ. ಒಬ್ಬರ ಮನೆ ಗೊತ್ತು. ಇನ್ನೊಬ್ಬರ ಮುಂದೆ ನನ್ನದೇ ಅಕ್ಷರದಲ್ಲಿ 'ಹಾಲಿನ ಬೂತ್ ಹಿಂದೆ' ಅಂತಿದೆ. ಯಾವ ಹಾಲಿನ ಬೂತ್ ಅಂತ ಕೇಳೋದನ್ನೇ ಮರೆತಿದ್ದೇನೆ.