ಹನ್ನೊಂದು ಗಂಟೆಯ ಬಟ್ಟಲು

ಯಾದಗಿರಿ ಜಿಲ್ಲೆಯ ಒಂದು ಊರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳ ಎಡತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತೇನೆ. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅಲ್ಲಿಂದ 12.5ರವರೆಗೆ ಹಳದಿ. ಆಮೇಲೆ ಹಸಿರು.

ಪಟ್ಟಿಯೊಂದೇ ಸಾಲದು ಅಂತ ನನಗೆ ಕಲಿಸಿದ್ದು ಒಂದು ಮಗು. ಕೆನ್ನೆ ತುಂಬಿಕೊಂಡಿತ್ತು, ತೂಕವೂ ಪರವಾಗಿಲ್ಲ ಅನ್ನಿಸಿತು. ಚೆನ್ನಾಗಿದೆ ಅಂತ ಬರೆದುಕೊಂಡು ಬಂದೆ. ಮರುವಾರ ನರ್ಸಮ್ಮ ಬಂದು ಅದರ ಎರಡೂ ಪಾದ ಹೆಬ್ಬೆರಳಿಂದ ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು. ಮೈಯಲ್ಲಿ ತುಂಬಿದ್ದು ನೀರು! ಆ ಬಾವೂ ತೀವ್ರ ಅಪೌಷ್ಟಿಕತೆಯ ಗುರುತೇ. ಆ ಮಗುವನ್ನು ಅವತ್ತೇ ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ಇಟ್ಟುಕೊಂಡು ನೋಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿದೆವು. ಆಮೇಲೆ ಪಾದ ಒತ್ತಿ ನೋಡದೆ ನಾನು ಯಾವ ಮಗುವಿನ ಹೆಸರೂ ಬರೆದಿಲ್ಲ.

ಪಟ್ಟಿ ಕೆಂಪು ತೋರಿಸಿದರೂ ಬಾವು, ಜ್ವರ, ಭೇದಿ ಯಾವುದೂ ಇಲ್ಲದೆ, ನಮ್ಮೆದುರೇ ಆಸೆಯಿಂದ ತಿನ್ನುವ ಮಗುವನ್ನು ಡಾಕ್ಟರು ಒಮ್ಮೆ ನೋಡಿ ಔಷಧಿ ಕೊಟ್ಟ ಮೇಲೆ ಮನೆಯಲ್ಲೇ ನೋಡಿಕೊಳ್ಳಬಹುದು. ಇದು ದೊಡ್ಡ ಅನುಕೂಲ. ಕೇಂದ್ರದಲ್ಲಿ 14 ದಿನ ಇರಬೇಕು ಅಂದರೆ ತಾಯಿಯ ಮುಖ ಬಾಡುತ್ತದೆ. ಹತ್ತಿ ಬಿಡಿಸುವ ಕಾಲ, ಮನೆಯಲ್ಲಿ ಇನ್ನೆರಡು ಮಕ್ಕಳು. ಹೇಗೆ ಹೋಗ್ತಾಳೆ?

ಒಂದೂವರೆ ವರ್ಷದ ಒಂದು ಹುಡುಗಿಗೆ ಹೀಗೇ ಮನೆಯಲ್ಲಿ ಶುರು ಮಾಡಿದೆವು. ಅಂಗನವಾಡಿಯಲ್ಲಿ ಕೊಡುವ ಪುಷ್ಟಿ ಹಿಟ್ಟಿನ ಗಂಜಿ, ಶೇಂಗಾ ಪುಡಿ, ಬೆಲ್ಲ, ಮೇಲೊಂದು ಚಮಚ ಎಣ್ಣೆ, ಮೊಟ್ಟೆ. ಮೂರು ವಾರ ತೂಕ ಅಲ್ಲಾಡಲಿಲ್ಲ. ತಾಯಿ ಮೇಲೆ ರೇಗಿದೆ. ಅದು ತಪ್ಪು ಅಂತ ಗೊತ್ತಾಗಿದ್ದು ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ಅವರ ಮನೆಗೆ ಹೋದಾಗ. ತಾಯಿ ಏಳಕ್ಕೇ ಹೊಲಕ್ಕೆ ಹೋಗಿದ್ದಳು. ಅಜ್ಜಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮಗುವಿನ ಕೈಯಲ್ಲಿ ಒಣಗಿದ ರೊಟ್ಟಿ ಚೂರು. ಗಂಜಿ ಪಾತ್ರೆ ಮುಚ್ಚಿದ್ದು ಮುಚ್ಚಿದಂತೇ ಇತ್ತು. ಸಣ್ಣ ಹೊಟ್ಟೆ, ಒಂದೇ ಸಲಕ್ಕೆ ಜಾಸ್ತಿ ಹಿಡಿಯುವುದಿಲ್ಲ, ಅಲ್ವಾ? ದಿನಕ್ಕೆ ಐದಾರು ಸಲ ಕೊಡಬೇಕು. ತಾಯಿ ಸಂಜೆ ಬರುವ ತನಕ ಕೊಡೋರು ಯಾರು? ಅದನ್ನು ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಮಗುವಿಗೆ ಬೇರೆ ಬಟ್ಟಲು ಇಟ್ಟೆವು. ಎಲ್ಲರ ಜೊತೆ ಒಂದೇ ತಟ್ಟೆಯಲ್ಲಿ ಉಂಡರೆ ಎಷ್ಟು ತಿಂತು ಅಂತ ತಿಳಿಯುವುದಿಲ್ಲ. ಹನ್ನೊಂದು ಗಂಟೆಯ ಊಟ ಅಂಗನವಾಡಿಯಲ್ಲಿ, ನನ್ನ ಕಣ್ಣೆದುರೇ. ಪಕ್ಕದ ಮನೆಯವಳ ಕೈ ಹಿಡಿದು ಅಜ್ಜಿಯೇ ಮಗುವನ್ನು ಎತ್ತಿಕೊಂಡು ಬರುತ್ತಿದ್ದಳು. ಮಧ್ಯಾಹ್ನದ್ದನ್ನು ಆ ಪಕ್ಕದ ಮನೆಯವಳೇ ಬಿಸಿ ಮಾಡಿ ತಿನ್ನಿಸಿದಳು. ಎರಡನೇ ವಾರಕ್ಕೇ ತೂಕ ಏರಿತು.

ತೋಳಿನ ಅಳತೆ 12.1ಕ್ಕೆ ಬಂದಾಗ ಮನೆಮಂದಿಯೆಲ್ಲ ಗುಳೆ ಹೊರಟರು, ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ತಾಯಿಯ ಕೈಗೆ ಅವಳ ತಾಯಿ ಕಾರ್ಡಿನ ಜೊತೆ ಒಂದು ಅಳತೆ ಪಟ್ಟಿಯನ್ನೂ ಕೊಟ್ಟೆ, ಅಳೆಯುವುದನ್ನು ತೋರಿಸಿದೆ. ಅಲ್ಲಿ ಹತ್ತಿರದ ಅಂಗನವಾಡಿಗೆ ಹೋಗು ಅಂತಲೂ ಹೇಳಿದೆ. ತಿಂಗಳಾದ ಮೇಲೆ ಫೋನ್ ಬಂತು. "ಅಕ್ಕಾ, ಹಸಿರಿಗೆ ಬಂತ್ರೀ."

ಪಾದ ಒತ್ತಿ ನೋಡಿದೆಯಾ ಅಂದೆ. "ನೋಡೀನ್ರೀ." ಇನ್ನೊಂದು ವಾರ ಬಿಟ್ಟು ಮತ್ತೆ ಅಳೆದು ಹೇಳು ಅಂದೆ.